ದಾಖಲೆಯಲ್ಲಿ ಅವನು, ಅರ್ಜಿಯಲ್ಲಿ ಅವಳು

ಆಸ್ಟ್ರೇಲಿಯಾದ ಕಾದಂಬರಿಕಾರ ಥಾಮಸ್ ಕೆನೀಲಿಯವರ ‘ದ ಗ್ರೇಟ್ ಶೇಮ್’ (1998) ಒಂದು ಕುಟುಂಬದ ಬೇರು ಹುಡುಕುತ್ತಾ ಆರಂಭವಾಗುತ್ತದೆ. ಅವರ ಪತ್ನಿಯ ಪೂರ್ವಜ ಹ್ಯೂ ಲಾರ್ಕಿನ್ ಐರ್ಲೆಂಡಿನ ಗಾಲ್ವೇ ಪ್ರಾಂತದ ಬಡರೈತ. ಒಕ್ಕಲೆಬ್ಬಿಸುವ ಜಮೀನ್ದಾರರ ವಿರುದ್ಧ ಹಳ್ಳಿಯವರು ಕಟ್ಟಿಕೊಂಡಿದ್ದ ‘ರಿಬ್ಬನ್’ ಗುಪ್ತಸಂಘದವನು. ಗುಂಪಿನೊಡನೆ ಜಮೀನ್ದಾರನ ಮನೆಗೆ ಹೋಗಿ ಬೆದರಿಸಿದ ತಪ್ಪಿಗೆ ಅವನಿಗೆ ಜೀವಾವಧಿ ಗಡೀಪಾರು. 1834ರಲ್ಲಿ ಅವನು ಸಿಡ್ನಿಯಲ್ಲಿ ಇಳಿದ. ಊರಲ್ಲಿ ಉಳಿದವರು ಹೆಂಡತಿ ಎಸ್ತರ್ ಮತ್ತು ಎಳೆಯ ಮಕ್ಕಳು.

1788ರಿಂದ 1868ರವರೆಗೆ ಬ್ರಿಟಿಷರು ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳು 1,60,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 40,000 ಮಂದಿ ಐರ್ಲೆಂಡಿನಿಂದಲೇ ಹಡಗು ಹತ್ತಿದವರು. ಮುತ್ತಜ್ಜ ಕೈದಿಯಾಗಿದ್ದ ಎಂಬುದನ್ನು ಮುಚ್ಚಿಟ್ಟ ಮನೆಗಳೇ ಇಂದು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿವೆ. ಕೈದಿ ಹಡಗಿಳಿದಾಗ ಸರಕಾರ ಅವನ ವಯಸ್ಸು, ಕಸುಬು, ಎತ್ತರ, ಹುಟ್ಟಿದ ಸೀಮೆ, ಮೈಮೇಲಿನ ಗಾಯದ ಗುರುತನ್ನೂ ಬರೆದುಕೊಳ್ಳುತ್ತಿತ್ತು. ತಪ್ಪು ಮಾಡದೆ ಹಳ್ಳಿಯಲ್ಲೇ ಸತ್ತ ಅಣ್ಣತಮ್ಮಂದಿರ ಬಗ್ಗೆ ಯಾರೂ ಇಷ್ಟು ಬರೆದಿಡಲಿಲ್ಲ. ಬಡವನನ್ನು ಸರಕಾರ ನೋಡುವುದು ಅಪರಾಧಿಯಾದಾಗ ಮಾತ್ರ ಎಂಬ ಸತ್ಯ ನಮಗೇನೂ ಹೊಸತಲ್ಲ.

ಆದರೆ ಐರ್ಲೆಂಡಿನ ಕಡೆಯಿಂದ ಹುಡುಕುವುದು ಕಷ್ಟ. 1922ರ ಜೂನ್‌ನಲ್ಲಿ ಅಂತರ್ಯುದ್ಧದ ಬೆಂಕಿಗೆ ಡಬ್ಲಿನ್‌ನ ದಾಖಲೆಗಳ ಭಂಡಾರ ಸುಟ್ಟುಹೋಯಿತು. 1836ಕ್ಕೆ ಮುಂಚಿನ ಗಡೀಪಾರು ರಿಜಿಸ್ಟರುಗಳೂ ಉಳಿಯಲಿಲ್ಲ. ಬೇರೆ ಕಡೆ ಇದ್ದುದರಿಂದ ಉಳಿದವು ಅರ್ಜಿಗಳು. ‘ಶಿಕ್ಷೆ ಕಡಿಮೆ ಮಾಡಿ’, ‘ನಮ್ಮನ್ನೂ ಅವನ ಬಳಿಗೆ ಕಳಿಸಿ’ ಎಂದು ಮನೆಯವರು ಸರಕಾರಕ್ಕೆ ಬರೆದುಕೊಂಡವು. ಎಸ್ತರಳ ಅರ್ಜಿಯೂ ಅವುಗಳಲ್ಲೊಂದು. ಗಂಡನ ಬಳಿಗೆ ಹೋಗಲು ಅವಳು ಅನುಮತಿ ಬೇಡಿದ್ದಳು. ಅವಳು ಹೋಗಲಾಗಲಿಲ್ಲ. ಹ್ಯೂ ಅಲ್ಲಿ ಮೇರಿ ಶೀಲ್ಡ್ಸ್ ಎಂಬ ಇನ್ನೊಬ್ಬ ಐರಿಷ್ ಕೈದಿಯೊಡನೆ ಸಂಸಾರ ಹೂಡಿದ. ಕೆನೀಲಿಯವರ ಪತ್ನಿ ಆ ಸಂಸಾರದ ಕುಡಿ.

ಇಲ್ಲಿ ನನ್ನೊಳಗಿನ ಕತೆಗಾರ ನಿಂತುಬಿಡುತ್ತಾನೆ. ಬೇರು ಹುಡುಕಿ ಹೊರಟವರ ಕೈಗೆ ಸಿಕ್ಕಿದ್ದು ತಮ್ಮ ಅಜ್ಜಿಯಲ್ಲದ ಹೆಂಗಸಿನ ಮೊರೆ! ವಂಶವೃಕ್ಷದ ಯಾವ ಕೊಂಬೆಯಲ್ಲಿ ಎಸ್ತರಳ ಹೆಸರು ಬರೆಯುವುದು? ಕೆನೀಲಿಯವರು ಅವಳನ್ನು ಮರುಕದಿಂದಲೇ ಕಾಣುತ್ತಾರೆ. ಆದರೆ ಕೃತಿ ಮುಂದುವರಿದಂತೆ ‘ಯಂಗ್ ಐರ್ಲೆಂಡ್’ ಚಳವಳಿಯ ನಾಯಕರಾದ ಸ್ಮಿತ್ ಓಬ್ರಿಯನ್, ಮಿಚೆಲ್, ಮಾಹರ್ ಪುಟಗಳನ್ನು ಆಕ್ರಮಿಸುತ್ತಾರೆ. ಅವರು ಓದಿದವರು, ಪತ್ರ-ದಿನಚರಿ ಬರೆದವರು. ಮಾಹರ್ ಅಮೆರಿಕಕ್ಕೆ ತಪ್ಪಿಸಿಕೊಂಡು ಅಲ್ಲಿನ ಅಂತರ್ಯುದ್ಧದಲ್ಲಿ ಜನರಲ್ ಆದವರು. ಬರಹ ಬಿಟ್ಟುಹೋದವರ ಸದ್ದಿನಲ್ಲಿ ಅರ್ಜಿ ಬಿಟ್ಟುಹೋದವಳು ಕಳೆದುಹೋಗುತ್ತಾಳೆ. ಕೃತಿಯ ದೊಡ್ಡ ಕೊರತೆ ಇದೇ. ಹ್ಯೂ ದುಡಿದ ಮೊನಾರೊ ಬಯಲಿನಲ್ಲಿ ನರಿಗೊ ಮೂಲನಿವಾಸಿಗಳ ಬೇರುಗಳೂ ಇದ್ದವು. ಒಕ್ಕಲೆಬ್ಬಿಸಿಕೊಂಡವರ ಸಂಕಟ ಇನ್ನೊಬ್ಬರನ್ನು ಒಕ್ಕಲೆಬ್ಬಿಸುವುದಕ್ಕೇ ದುಡಿಯಿತು.

ಉರ್ದು ಓದಿದವರಿಗೆ ಇಲ್ಲಿ ಮೌಲಾನಾ ಜಾಫರ್ ಥಾನೇಸರಿ ನೆನಪಾಗಬಹುದು. ಅದೇ ಬ್ರಿಟಿಷರು ಅಂಡಮಾನಿಗೆ ಸಾಗಿಸಿದ ಅವರು ಅಲ್ಲಿ ಮದುವೆಯಾಗಿ, 1883ರಲ್ಲಿ ಮರಳಿ, ‘ಕಾಲಾಪಾನಿ’ ಎಂದು ಹೆಸರಾದ ತಮ್ಮ ಆತ್ಮಕಥನ ಬರೆದರು. ಅಲ್ಲೂ ಮಾತಾಡುವವನು ಹೋದವನೇ, ಊರಲ್ಲಿ ಕಾದವಳಲ್ಲ. ಗಂಡನ ಸುಳಿವು ನಾಲ್ಕು ವರ್ಷ ಸಿಗದಿದ್ದರೆ, ಇಲ್ಲವೇ ಅವನಿಗೆ ಏಳು ವರ್ಷ ಅಥವಾ ಹೆಚ್ಚಿನ ಸೆರೆವಾಸವಾದರೆ ಬಿಡುಗಡೆ ಕೇಳುವ ಹಕ್ಕನ್ನು ನಮ್ಮ ಹೆಣ್ಣುಮಕ್ಕಳಿಗೆ ಸ್ಪಷ್ಟವಾಗಿ ಕೊಟ್ಟದ್ದು 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾನೂನು. ಕ್ಯಾಥೊಲಿಕ್ ಐರ್ಲೆಂಡಿನ ಎಸ್ತರಳಿಗೆ ಅಂಥ ಬಾಗಿಲೂ ಇರಲಿಲ್ಲ. ಗಂಡನಿದ್ದೂ ಅವಳು ವಿಧವೆ, ವಿಧವೆಯಾದರೂ ಮುತ್ತೈದೆ.

ನಮ್ಮ ಮನೆಗಳಲ್ಲೂ ಶಜರಾ ಬರೆಸಿ ಚೌಕಟ್ಟು ಹಾಕಿಸುವವರಿದ್ದಾರೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೇಲೇರುವ ಹೆಸರುಗಳ ನಡುವೆ ಹೆಂಗಸರು ಎಷ್ಟು ಮಂದಿ? ಬೇರು ಹುಡುಕುವವರು ‘ನಾವು ಯಾರಿಂದ ಬಂದೆವು’ ಎಂದು ಮಾತ್ರ ಕೇಳಿದರೆ ಸಾಲದು. ನಮ್ಮವರು ಯಾರನ್ನು ಹಿಂದೆ ಬಿಟ್ಟು ಬಂದರು ಎಂದೂ ಕೇಳಬೇಕು. ಕೆನೀಲಿಯವರ ಕೃತಿ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಆದರೆ ಎಸ್ತರಳ ಅರ್ಜಿಯನ್ನು ನಮ್ಮ ಕಣ್ಣಮುಂದೆ ಇಟ್ಟಿದೆ. ಅಷ್ಟಕ್ಕಾಗಿಯಾದರೂ ಅದನ್ನು ಓದಬೇಕು.