ಗರ್ಭಗುಡಿಯತ್ತ ನಡೆಯದ ವಾದ್ಯವೃಂದ

ತುಮಕೂರು ಸೀಮೆಯ ಅರಳಗುಪ್ಪೆಯಲ್ಲಿರುವ 13ನೆಯ ಶತಮಾನದ ಹೊಯ್ಸಳ ಚೆನ್ನಕೇಶವ ದೇಗುಲದ ವಿಮಾನವು, ಎಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಶಿಖರವು, 16 ಮೂಲೆಗಳ ನಕ್ಷತ್ರದ ಆಕಾರದಲ್ಲಿದ್ದು, ಚೌಕವೊಂದನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋದಾಗ ಆ ಮೂಲೆಗಳು ಮೂಡುತ್ತವೆ. ಹೊರಗೋಡೆಯ ತುಂಬ ಶಿಲ್ಪಗಳು ಕಿಕ್ಕಿರಿದಿದ್ದರೂ, ಕಂಬಗಳ ನವರಂಗವನ್ನೂ ಗರ್ಭಗುಡಿಗೆ ಮುಂಚಿನ ಕಿರುಕೋಣೆಯಾದ ಸುಕನಾಸಿಯನ್ನೂ ದಾಟಿದಂತೆ ಬೆಳಕು, ಅಲಂಕಾರ ಎರಡೂ ಕುಗ್ಗುತ್ತವೆ. ದೇಗುಲದಿಂದ ಪ್ರೇರಿತವೆನ್ನುವ ವಾದ್ಯವೃಂದದ ಕೃತಿಗಳನ್ನು ಈ ಒಳಮುಖ ಚಲನೆಯಿಂದಲೇ ಅಳೆಯಬೇಕು.

ಫ್ರಾನ್ಸಿನ ಸಂಗೀತ ರಚನಕಾರ ಆಲ್ಬೇರ್ ರೂಸೆಲ್ 1909ರಲ್ಲಿ ಭಾರತಕ್ಕೆ ಬಂದು, 1912ರಲ್ಲಿ ಮೊದಲ ಪ್ರದರ್ಶನ ಕಂಡ ‘ಎವೊಕಾಸಿಯೋಂ’ ಕೃತಿಯ ಮೊದಲ ಭಾಗದಲ್ಲಿ ಎಲ್ಲೋರದ ಗುಹಾದೇವತೆಗಳನ್ನು ನೆನೆದಿದ್ದಾನೆ; ಅದು ಪ್ರವಾಸಿಯ ಪ್ರಾಮಾಣಿಕ ಬೆರಗಾದರೂ ಗುಹೆಯ ರಚನಾಕ್ರಮ ಅದರ ರಚನಾಕ್ರಮವಾಗಿಲ್ಲ. ಬೆಂಗಳೂರಿನಲ್ಲಿ ನೆಲೆಸಿದ ಪಿಟೀಲು ವಿದ್ವಾಂಸ ಎಲ್. ಸುಬ್ರಮಣ್ಯಂ ಅವರ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಕೃತಿಯನ್ನು 1985ರಲ್ಲಿ ಜುಬಿನ್ ಮೆಹ್ತಾ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ನುಡಿಸಿತು. ಇಲ್ಲಿನ ಕಷ್ಟ ಬೇರೆ: ಒಬ್ಬರ ಬೆರಳಲ್ಲಿ ಹುಟ್ಟುವ ಗಮಕವನ್ನು, ಎಂದರೆ ಸ್ವರದ ಬಳುಕನ್ನು, ಹತ್ತಾರು ಪಿಟೀಲುಗಳು ಏಕಕಾಲದಲ್ಲಿ ಹಿಡಿಯಲಾರವಾದ್ದರಿಂದ ಏಕವ್ಯಕ್ತಿವಾದನಕ್ಕೆ ವೃಂದವು ಹಿನ್ನೆಲೆಯಾಗಿಬಿಡುವ ಅಪಾಯವಿದೆ.

ಕರ್ನಾಟಕ ಸಂಗೀತದ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ಕಮಲಾಂಬಾ ನವಾವರಣ ಕೃತಿಗಳು ಹೊರಗಿನಿಂದ ಒಳಕ್ಕೆ ಸಾಗುವ ಸವಾಲನ್ನು ಒಂದೇ ಕಂಠದಲ್ಲಿ ಗೆದ್ದಿವೆ. ದೇವಿಯ ಆರಾಧನೆಯ ರೇಖಾಯಂತ್ರವಾದ ಶ್ರೀಚಕ್ರದ ಒಂಬತ್ತು ಆವರಣಗಳನ್ನು, ಎಂದರೆ ಹೊರಚೌಕದಿಂದ ಬಿಂದುವಿನವರೆಗಿನ ಸುತ್ತುಗಳನ್ನು, ಅನುಸರಿಸುವ ಈ ಸರಣಿಯು ನಡುವೆ ಕಲ್ಯಾಣಿ, ಶಂಕರಾಭರಣ, ಕಾಂಭೋಜಿ, ಭೈರವಿಗಳಂಥ ವಿಶಾಲ ರಾಗಗಳಲ್ಲಿ ಹರಡಿಕೊಂಡು, ಬಿಂದುವಿನ ಹತ್ತಿರ ಘಂಟಾ, ಆಹಿರಿಗಳಂಥ ಇಕ್ಕಟ್ಟಾದ ಅಪರೂಪದ ರಾಗಗಳಿಗೆ ಇಳಿಯುತ್ತದೆ. ದೇಗುಲದ ಕಲ್ಲಿನಲ್ಲಿರುವ ಈ ಒಳಮುಖ ಕ್ರಮ ನಾದದಲ್ಲಿ ಇಷ್ಟು ನಿಖರವಾಗಿ ಬೇರೆಲ್ಲಿಯೂ ಸಿಗುವುದು ಅಪರೂಪ.

ಶ್ರೀಚಕ್ರದ ಕೀರ್ತನೆ, ಪಾಶ್ಚಾತ್ಯ ವಾದ್ಯವೃಂದ ಎಂಬ ಈ ಎರಡು ಲೋಕಗಳೂ ಮೈಸೂರಿನ ಅರಸ ಜಯಚಾಮರಾಜ ಒಡೆಯರಲ್ಲಿ ಕೂಡಿದ್ದವು. ಅರಮನೆಯ ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀಚಕ್ರದ ಉಪಾಸನೆಯಾದ ಶ್ರೀವಿದ್ಯೆಯ ದೀಕ್ಷೆ ಪಡೆದು 94 ಕೃತಿಗಳನ್ನು ರಚಿಸಿದ ಇವರೇ ರಷ್ಯನ್ ಸಂಗೀತಕಾರ ಮೆಟ್ನರ್‌ನ ಧ್ವನಿಮುದ್ರಣಗಳಿಗೆ ಹಣ ಒದಗಿಸಿದವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತಕೂಟದ ಪೋಷಕರು. ಆದರೆ ಅವರ ಶ್ರೀವಿದ್ಯೆ ಕೀರ್ತನೆಯಲ್ಲಿ ಉಳಿಯಿತು, ವಾದ್ಯವೃಂದ ಪೋಷಣೆಯಲ್ಲಿ ಉಳಿಯಿತು. ಕನ್ನಡ ನಾಡಿನ ಸಂಗೀತಕ್ಕೆ ಇದು ದೊಡ್ಡ ನಷ್ಟ. ಇಂದು ಇವೆರಡನ್ನೂ ಬೆಸೆಯುವ ಹಾದಿ ಹಿಡಿಯುವ ರಚನಕಾರರು ಕೊನೆಯಲ್ಲಿ ತುತ್ತೂರಿ, ಭೇರಿಗಳನ್ನು ಒಟ್ಟುಗೂಡಿಸಿ ಶಿಖರವನ್ನು ಕಟ್ಟುವ ಅಭ್ಯಾಸ ಬಿಟ್ಟು, ತುಂಬಿದ ವೃಂದದಿಂದ ಆರಂಭಿಸಿ ವಾದ್ಯಗಳನ್ನು ಒಂದೊಂದಾಗಿ ಹೊರಗಿಡುತ್ತ, ಉಳಿದ ಒಂದೇ ಪಿಟೀಲಿಗೆ ಗಮಕದ ಪೂರ್ಣ ಸ್ವಾತಂತ್ರ್ಯ ಕೊಡುವ ವಿನ್ಯಾಸವನ್ನು ಪರೀಕ್ಷಿಸಬೇಕಾಗಿದೆ.