ಪುಣೆಯಿಂದ ಬಂದ ಒಡೆಯರು

2010ರ ನವೆಂಬರಿನಲ್ಲಿ ಪುಣೆಯ ರಾವ್ ಕುಟುಂಬ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬನ್ನು 2.3 ಕೋಟಿ ಪೌಂಡಿಗೆ ಕೊಂಡುಕೊಂಡಿತು. ಜೊತೆಗೆ ಕ್ಲಬ್ಬಿನ ಸಾಲವನ್ನೂ ಹೊತ್ತುಕೊಂಡಿತು. ಪ್ರೀಮಿಯರ್ ಲೀಗಿನ ಕ್ಲಬ್ಬೊಂದು ಭಾರತೀಯರ ಕೈಗೆ ಬಂದದ್ದು ಅದೇ ಮೊದಲು. ಆ ಕುಟುಂಬದ ಕಂಪನಿ ವೆಂಕೀಸ್‌ನ ಹೆಸರನ್ನು ಇಲ್ಲಿಯವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೋಳಿ ಸಾಕುವವರಿಗೆ ಮರಿ, ಆಹಾರ, ಲಸಿಕೆಯ ಮೂಲಕ, ಪೇಟೆಯವರಿಗೆ ಅಂಗಡಿಯ ಫ್ರೀಜರಿನ ಮೂಲಕ ಅದು ಪರಿಚಿತ. ಬ್ಲ್ಯಾಕ್‌ಬರ್ನಿನ ಜನರಿಗೆ ಮಾತ್ರ ಅದು ಕೇಳಿಯೇ ಇರದ ಹೆಸರು. ಆದರೂ ಆ ಚಳಿಗಾಲದಲ್ಲಿ ಅವರು ಒಂದು ದೊಡ್ಡ ನಿರೀಕ್ಷೆಯನ್ನು ಕಟ್ಟಿಕೊಂಡರು. ಹೊಸ ಒಡೆಯ ಬಂದಾಗ ಅಭಿಮಾನಿ ಕಟ್ಟಿಕೊಳ್ಳುವ ಇಂಥ ನಿರೀಕ್ಷೆಯನ್ನು ನಾವು ಸಾಮಾನ್ಯವಾಗಿ ಮರುಕದಿಂದಲೋ ಗೇಲಿಯಿಂದಲೋ ನೋಡುತ್ತೇವೆ. ಅದನ್ನು ವಿಮರ್ಶೆಗೆ ಒಡ್ಡುವ ಗೌರವ ಕೊಡುವುದು ಕಡಿಮೆ. ನನ್ನ ತಕರಾರು ಇಷ್ಟು: ಆ ನಿರೀಕ್ಷೆ ಅತಿಯಾಯಿತೆಂಬುದು ಅದರ ದೋಷವಲ್ಲ. ಒಡೆಯ ಎಷ್ಟು ಸುರಿಯುತ್ತಾನೆ ಎಂದು ಅದು ಕೇಳುತ್ತದೆ, ಯಾರಿಗೆ ಉತ್ತರ ಕೊಡಬೇಕಾಗುತ್ತದೆ ಎಂದು ಕೇಳುವುದೇ ಇಲ್ಲ.

ಬ್ಲ್ಯಾಕ್‌ಬರ್ನಿನವರು ಹಾಗೆ ಕೇಳದಿರಲು ಕಾರಣವಿತ್ತು. ಅವರು ಕಂಡಿದ್ದ ಹಿಂದಿನ ಒಡೆಯ ಜ್ಯಾಕ್ ವಾಕರ್. ಅದೇ ಊರಲ್ಲಿ ಹುಟ್ಟಿ, ಉಕ್ಕಿನ ವ್ಯಾಪಾರದಲ್ಲಿ ದುಡ್ಡು ಮಾಡಿ, ಆ ದುಡ್ಡನ್ನು ತನ್ನ ಬಾಲ್ಯದ ತಂಡಕ್ಕೆ ತಂದು ಸುರಿದವನು. 1991ರಲ್ಲಿ ಕ್ಲಬ್ ಅವನ ಕೈಗೆ ಬಂದಾಗ ಅದು ಎರಡನೇ ದರ್ಜೆಯಲ್ಲಿತ್ತು. ಕೆನ್ನಿ ಡಾಲ್ಗ್ಲಿಷ್‌ನನ್ನು ಮ್ಯಾನೇಜರಾಗಿ ಕರೆತಂದ, ಬ್ರಿಟಿಷ್ ದಾಖಲೆ ಮೊತ್ತ ಕೊಟ್ಟು ಆ್ಯಲನ್ ಶಿಯರರ್‌ನನ್ನು ಕೊಂಡ, ಇವುಡ್ ಪಾರ್ಕ್ ಕ್ರೀಡಾಂಗಣದ ಮೂರು ಬದಿಗಳನ್ನು ಹೊಸದಾಗಿ ಕಟ್ಟಿಸಿದ. 1995ರ ಮೇ 14ರಂದು, ಋತುವಿನ ಕೊನೆಯ ಪಂದ್ಯದಲ್ಲಿ ರೋವರ್ಸ್ ಲಿವರ್‌ಪೂಲಿಗೆ ಸೋತಿತು. ಆದರೆ ಅತ್ತ ಮ್ಯಾಂಚೆಸ್ಟರ್ ಯುನೈಟೆಡ್ ವೆಸ್ಟ್ ಹ್ಯಾಮ್ ಎದುರು ಗೆಲ್ಲಲಾಗದೆ ಡ್ರಾ ಮಾಡಿಕೊಂಡಿದ್ದರಿಂದ ಲೀಗ್ ಪಟ್ಟ ಇವರ ಪಾಲಾಯಿತು. ವಾಕರ್ 2000ದಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಟ್ರಸ್ಟ್ ಹತ್ತು ವರ್ಷ ಕ್ಲಬ್ಬನ್ನು ನಡೆಸಿತು, ಆಮೇಲಾಮೇಲೆ ಕೈ ಬಿಗಿಹಿಡಿದು.

ಹಾಗಾಗಿ 2010ರಲ್ಲಿ ಆ ಊರಿನ ಅಭಿಮಾನಿ ವೆಂಕೀಸ್‌ನಲ್ಲಿ ಹುಡುಕಿದ್ದು ಇನ್ನೊಬ್ಬ ವಾಕರ್‌ನನ್ನು. ವಾಕರ್ ಹಣವಂತನಾಗಿದ್ದ ಎಂಬುದು ಅವನಿಗೆ ನೆನಪಿತ್ತು. ವಾಕರ್ ಅದೇ ಊರಿನ ಜನರ ಮುಖ ನೋಡಬೇಕಾಗಿತ್ತು ಎಂಬುದು ನೆನಪಿನಿಂದ ಜಾರಿತ್ತು. ನನಗೆ ಕಾಣುವಂತೆ ವಾಕರ್‌ನ ಯಶಸ್ಸಿಗೆ ಅವನ ಹಣದಷ್ಟೇ ಈ ಮುಖದ ಹಂಗೂ ಕಾರಣ. ತಂಡ ಸೋತಾಗ ಆತ ಕೇಳಿಸಿಕೊಳ್ಳಬೇಕಾದ ಮಾತುಗಳಿರುತ್ತಿದ್ದವು. ಆ ಹಂಗು ಮಾರಾಟದ ಕರಾರಿನಲ್ಲಿ ಬರುವ ವಸ್ತುವಲ್ಲ.

ಬ್ಲ್ಯಾಕ್‌ಬರ್ನಿಗೂ ನಮಗೂ ಹಳೆಯ ನಂಟಿದೆ. ಹತ್ತಿಯ ನೇಯ್ಗೆಯಿಂದ ಬೆಳೆದ ಊರು ಅದು. ಅಲ್ಲಿನ ಮಗ್ಗಗಳ ಬಟ್ಟೆಗೆ ಭಾರತವೇ ದೊಡ್ಡ ಮಾರುಕಟ್ಟೆಯಾಗಿತ್ತು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡ ಕಾರ್ಮಿಕರನ್ನು ಕಾಣಲು 1931ರಲ್ಲಿ ಗಾಂಧೀಜಿ ಹೋಗಿದ್ದು ಪಕ್ಕದ ಡಾರ್ವೆನ್‌ಗೆ. ಆಮೇಲೆ ಗುಜರಾತ್ ಮತ್ತು ಪಾಕಿಸ್ತಾನದ ಕಡೆಯಿಂದ ಗಿರಣಿ ಕೆಲಸಕ್ಕೆ ಹೋದವರ ಮಕ್ಕಳು, ಮೊಮ್ಮಕ್ಕಳು ಇಂದು ಅಲ್ಲಿದ್ದಾರೆ. ಬ್ಲ್ಯಾಕ್‌ಬರ್ನ್ ಮತ್ತು ಡಾರ್ವೆನ್ ಸೇರಿದ ಆಡಳಿತ ಪ್ರದೇಶದ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಏಷ್ಯಾ ಮೂಲದವರು. ಕ್ರೀಡಾಂಗಣದೊಳಗೆ ಈ ಪ್ರಮಾಣ ಎಂದೂ ಕಂಡಿಲ್ಲ. ಭಾರತೀಯ ಒಡೆತನ ಈ ಗೋಡೆಯನ್ನಾದರೂ ಕೆಡವೀತು ಎಂದು ಬಯಸಿದ್ದರಲ್ಲಿ ತಪ್ಪಿರಲಿಲ್ಲ. ಆ ಕಾಲದ ನಿರೀಕ್ಷೆಗಳಲ್ಲೆಲ್ಲ ನನಗೆ ಅತ್ಯಂತ ಘನವಾದದ್ದಾಗಿ ಕಾಣುವುದು ಇದೇ. ದೊಡ್ಡ ಹೆಸರುಗಳ ಗದ್ದಲದಲ್ಲಿ ಹೆಚ್ಚು ಕಿವಿಗೆ ಬೀಳದೆ ಹೋದದ್ದೂ ಇದೇ.

ದೊಡ್ಡ ಹೆಸರುಗಳೋ, ಕೇಳುವುದೇ ಬೇಡ. ರೊನಾಲ್ಡಿನ್ಹೊ ಬರುತ್ತಾನೆ ಎಂಬ ಮಾತು ಸ್ವತಃ ಒಡೆಯರ ಕಡೆಯಿಂದಲೇ ಹೊರಟಿತು. ಬೆಕಮ್‌ನ ಹೆಸರೂ ತೇಲಿಬಂತು. ಇಬ್ಬರೂ ಬರಲಿಲ್ಲ. ಅದಕ್ಕೂ ಮುಂಚೆ, ಖರೀದಿಯಾಗಿ ತಿಂಗಳು ತುಂಬುವಷ್ಟರಲ್ಲಿ, ಡಿಸೆಂಬರ್ 13ರ ಸೋಮವಾರ ಮ್ಯಾನೇಜರ್ ಸ್ಯಾಮ್ ಆ್ಯಲರ್ಡೈಸ್‌ನನ್ನು ತೆಗೆದುಹಾಕಲಾಯಿತು. ತಂಡ ಆಗ 13ನೇ ಸ್ಥಾನದಲ್ಲಿತ್ತು, ಮುಳುಗುವ ಭಯವೇನೂ ಇರಲಿಲ್ಲ. ಉದ್ದಕ್ಕೆ ಚೆಂಡೊದೆದು ಗುದ್ದಾಡುವ ಅವನ ಆಟದ ರೀತಿ ಎಲ್ಲ ಅಭಿಮಾನಿಗಳಿಗೂ ಹಿಡಿಸಿರಲಿಲ್ಲ ಎಂಬುದನ್ನು ಹೇಳಲೇಬೇಕು. ಅಂದು ಮನಸ್ಸಿನೊಳಗೇ ಖುಷಿಪಟ್ಟವರೂ ಇದ್ದರು. ಆದರೆ ಆ ಜಾಗಕ್ಕೆ ಬಂದ ಸ್ಟೀವ್ ಕೀನ್ ಅಲ್ಲಿಯವರೆಗೆ ಯಾವ ಕ್ಲಬ್ಬನ್ನೂ ಮ್ಯಾನೇಜರಾಗಿ ನಡೆಸಿದವನಲ್ಲ. ಖರೀದಿಗೆ ಸಲಹೆ ಕೊಟ್ಟವರಲ್ಲಿ ಆಟಗಾರರ ಏಜೆಂಟರೂ ಇದ್ದರು. ಫುಟ್‌ಬಾಲ್ ಗೊತ್ತಿರದ ಒಡೆಯರಿಗೆ ಫುಟ್‌ಬಾಲನ್ನು ವಿವರಿಸುವ ಕೆಲಸ ಅದರಿಂದ ಲಾಭ ಪಡೆಯುವವರ ಪಾಲಾದದ್ದು ಮುಂದಿನದಕ್ಕೆಲ್ಲ ಬೇರು. ಕ್ಲಬ್ಬನ್ನು ವರ್ಷಗಟ್ಟಲೆ ನಡೆಸಿದ್ದ ಅಧ್ಯಕ್ಷ ಜಾನ್ ವಿಲಿಯಮ್ಸ್ 2011ರ ಫೆಬ್ರವರಿಯಲ್ಲಿ ಹೊರನಡೆದ. ಅದೇ ವರ್ಷ ಆಟಗಾರರು ಡ್ರೆಸಿಂಗ್ ರೂಮಿನಲ್ಲಿ ಕೋಳಿ ತಿನ್ನುವ ಜಾಹೀರಾತು ಬಂತು. ನಮಗೆ ಅದು ನಗು ತರಿಸುವ ಸಂಗತಿ. 1888ರಲ್ಲಿ ಫುಟ್‌ಬಾಲ್ ಲೀಗನ್ನು ಹುಟ್ಟುಹಾಕಿದ ಹನ್ನೆರಡು ಕ್ಲಬ್ಬುಗಳಲ್ಲಿ ಒಂದಾದ ತಂಡದ ಅಭಿಮಾನಿಗೆ ಹೇಗನ್ನಿಸಿರಬೇಕು?

2012ರ ಮೇ 7ರಂದು, ವಿಗನ್ ಎದುರಿನ ಪಂದ್ಯದಲ್ಲಿ, ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಯಾರೋ ಮೈದಾನಕ್ಕೆ ಬಿಟ್ಟರು. ಆ ರಾತ್ರಿಯೇ ರೋವರ್ಸ್ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಪ್ರತಿಭಟನೆಗಳಲ್ಲಿ ಆ ಕೋಳಿಯಷ್ಟು ಮೊನಚಾದದ್ದು ಬೇರೊಂದಿಲ್ಲ. ಕೀನ್‌ನ ಮೇಲೆ ಕೆಲವರು ಕಾರಿದ ವೈಯಕ್ತಿಕ ವಿಷವನ್ನು ಮಾತ್ರ ನಾನು ಆ ಲೆಕ್ಕಕ್ಕೆ ಸೇರಿಸಲಾರೆ. ತನ್ನ ಅಳತೆಗೆ ಮೀರಿದ ಕೆಲಸ ಕೊಟ್ಟರೆ ಒಪ್ಪಿಕೊಳ್ಳದವರು ಯಾರು?

ಮುಂದಿನ ಋತುವನ್ನು ಪ್ರಹಸನ ಎನ್ನದೆ ಗತಿಯಿಲ್ಲ. ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ರಾತ್ರಿ ಪಂದ್ಯ ನೋಡುತ್ತಿದ್ದ ನಮ್ಮವರಿಗೆಲ್ಲ ದನಿ ಪರಿಚಯವಿದ್ದ ಮಲೇಷ್ಯಾದ ವಿಶ್ಲೇಷಕ ಶೆಬಿ ಸಿಂಗ್ ಕ್ಲಬ್ಬಿನ ಜಾಗತಿಕ ಸಲಹೆಗಾರನಾದ. 1995ರ ಪಟ್ಟ ಗೆದ್ದ ತಂಡದಲ್ಲಿ ಆಡಿದ್ದ ಹೆನಿಂಗ್ ಬರ್ಗ್ ಮ್ಯಾನೇಜರಾಗಿ 57 ದಿನ ಉಳಿದ. ಬಳಿಕ ನ್ಯಾಯಾಲಯಕ್ಕೆ ಹೋಗಿ 22.5 ಲಕ್ಷ ಪೌಂಡ್ ಪರಿಹಾರದ ಆದೇಶ ಪಡೆದ. ಅವನ ನಂತರದ ಮೈಕೆಲ್ ಆ್ಯಪಲ್ಟನ್ 67 ದಿನ. 2017ರಲ್ಲಿ ರೋವರ್ಸ್ ಮೂರನೇ ದರ್ಜೆಗೆ ಕುಸಿದು, ಪ್ರೀಮಿಯರ್ ಲೀಗ್ ಗೆದ್ದ ತಂಡಗಳಲ್ಲಿ ಅಷ್ಟು ಕೆಳಗಿಳಿದ ಮೊದಲನೆಯದಾಯಿತು. ಟೋನಿ ಮೋಬ್ರೆ ಮರುವರ್ಷವೇ ಮೇಲೆತ್ತಿದ.

ಇಷ್ಟಾದ ಮೇಲೂ ಒಂದು ಮಾತನ್ನು ಒಡೆಯರ ಪರವಾಗಿ ಹೇಳಬೇಕು. ವೆಂಕೀಸ್ ಕ್ಲಬ್ಬಿನಿಂದ ಹಣ ಹಿಂಡಲಿಲ್ಲ. ವರ್ಷದಿಂದ ವರ್ಷಕ್ಕೆ ನಷ್ಟ ತುಂಬಿಕೊಟ್ಟರು. ಒಟ್ಟು 20 ಕೋಟಿ ಪೌಂಡಿಗೂ ಹೆಚ್ಚು ಪುಣೆಯಿಂದ ಹರಿದಿದೆ. ಯುವ ಆಟಗಾರರ ಅಕಾಡೆಮಿಯನ್ನು ಮೇಲ್ದರ್ಜೆಯಲ್ಲೇ ಉಳಿಸಿಕೊಂಡಿದ್ದಾರೆ. ಅಲ್ಲಿ ಬೆಳೆದ ಊರ ಹುಡುಗ ಆ್ಯಡಮ್ ವಾರ್ಟನ್ 2024ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ ಹೋಗಿ, ಅದೇ ವರ್ಷ ಇಂಗ್ಲೆಂಡಿನ ಯೂರೋ ತಂಡ ಸೇರಿದ. ಮೊದಲ ದಿನದ ನಿರೀಕ್ಷೆಯನ್ನು ಬರೀ ಹಣದ ತಕ್ಕಡಿಯಲ್ಲಿ ತೂಗಿದರೆ ಅದು ಈಡೇರಿದೆ ಎಂದೇ ಹೇಳಬೇಕಾಗುತ್ತದೆ! ಅಭಿಮಾನಿಯ ನಿರೀಕ್ಷೆಯ ಕೊರತೆ ಬಯಲಾಗುವುದು ಇಲ್ಲಿ. ಕೇಳಿದ್ದು ಸಿಕ್ಕಿತು, ಬೇಕಾದದ್ದು ಸಿಗಲಿಲ್ಲ.

ಬೇಕಾಗಿದ್ದದ್ದು ಏನೆಂಬುದನ್ನು ಜನವರಿ ವರ್ಗಾವಣೆ ಅವಧಿಯ ಎರಡು ಪ್ರಸಂಗಗಳು ಹೇಳುತ್ತವೆ. 2023ರ ಜನವರಿಯ ಕೊನೆಯ ದಿನ ಲೂಯಿಸ್ ಒಬ್ರಿಯನ್ ಎಂಬ ಮಿಡ್‌ಫೀಲ್ಡರನ ಎರವಲು ಒಪ್ಪಂದದ ಕಾಗದಗಳು ಗಡುವು ಮೀರಿ ತಲುಪಿದವು, ಲೀಗ್ ಒಪ್ಪಲಿಲ್ಲ. ಆ ಋತುವಿನಲ್ಲಿ ರೋವರ್ಸ್ ಸಂಡರ್‌ಲ್ಯಾಂಡಿನಷ್ಟೇ ಅಂಕ ಗಳಿಸಿಯೂ ಗೋಲು ವ್ಯತ್ಯಾಸದಲ್ಲಿ ಪ್ಲೇಆಫ್ ಕಳೆದುಕೊಂಡಿತು. ಮರುವರ್ಷ ಅದೇ ಅವಧಿಯ ಕೊನೆಯಲ್ಲಿ ಅಮೆರಿಕದ ಡಂಕನ್ ಮೆಗ್ವಾಯರ್‌ನ ಒಪ್ಪಂದವೂ ಕಾಗದಪತ್ರದ ತಪ್ಪಿನಿಂದಲೇ ಮುರಿದುಬಿತ್ತು. ಇದು ಹಣದ ಬಡತನವಲ್ಲ, ಮನೆಯಲ್ಲಿ ಯಜಮಾನ ಇಲ್ಲದ ಲಕ್ಷಣ. ಇದರ ನಡುವೆಯೇ ಹಣದ ದಾರಿಯೂ ಇಕ್ಕಟ್ಟಾಯಿತು. ವಿದೇಶಿ ವಿನಿಮಯ ಕಾಯ್ದೆಯಡಿ ಜಾರಿ ನಿರ್ದೇಶನಾಲಯದ ವಿಚಾರಣೆ ನಡೆದು, ಇಂಗ್ಲೆಂಡಿಗೆ ಹಣ ಕಳಿಸಲು ಒಡೆಯರು ದೆಹಲಿ ಹೈಕೋರ್ಟಿನ ಅನುಮತಿ ಕೇಳಬೇಕಾಗಿ ಬಂತು. ಇವುಡ್ ಪಾರ್ಕಿನಲ್ಲಿ ಕುಳಿತವನು ತನ್ನ ತಂಡಕ್ಕೆ ಸ್ಟ್ರೈಕರ್ ಬರುತ್ತಾನೋ ಇಲ್ಲವೋ ಎಂದು ತಿಳಿಯಲು ದೆಹಲಿಯ ವಾಯಿದೆಗಳ ಕಡೆ ನೋಡುತ್ತಿದ್ದ. 2025ರ ಫೆಬ್ರವರಿಯಲ್ಲಿ ತಂಡ ಐದನೇ ಸ್ಥಾನದಲ್ಲಿದ್ದಾಗ ಮ್ಯಾನೇಜರ್ ಜಾನ್ ಯೂಸ್ಟಸ್ ಅದೇ ಲೀಗಿನ ತಳದಲ್ಲಿ ಒದ್ದಾಡುತ್ತಿದ್ದ ಡರ್ಬಿ ಕೌಂಟಿಗೆ ಹೊರಟುಹೋದ. ಮೇಲೇರುವ ತಂಡವನ್ನು ಬಿಟ್ಟು ಮುಳುಗುವ ತಂಡಕ್ಕೆ ಸ್ವಂತ ಇಚ್ಛೆಯಿಂದ ಹೋಗುವ ಮ್ಯಾನೇಜರ್, ಯಾವ ವಿಮರ್ಶಕನೂ ಬರೆಯಲಾರದಷ್ಟು ಕಟುವಾದ ವಿಮರ್ಶೆಯನ್ನು ಬರೆದುಹೋದಂತೆ. ಅದೇ ವರ್ಷದ ಮೇ ತಿಂಗಳಲ್ಲಿ ಮಹಿಳಾ ತಂಡ ಎರಡನೇ ದರ್ಜೆಯ ಲೀಗಿನಿಂದಲೇ ಹಿಂದೆ ಸರಿಯಿತು. ಅಲ್ಲಿ ಉಳಿಯಲು ಬೇಕಾದ ಖರ್ಚಿಗೆ ಒಡೆಯರು ಒಪ್ಪಲಿಲ್ಲ.

ಇಲ್ಲೊಂದು ವಿಪರ್ಯಾಸವಿದೆ, ಅದನ್ನು ಇಂಗ್ಲಿಷ್ ಪತ್ರಕರ್ತರು ಗಮನಿಸಿದಂತಿಲ್ಲ. ರಾವ್ ಒಡಹುಟ್ಟಿದವರ ತಂದೆ ಡಾ. ಬಿ. ವಿ. ರಾವ್ 1980ರ ದಶಕದ ಆರಂಭದಲ್ಲಿ ದೇಶದ ಕೋಳಿ ಸಾಕಣೆಗಾರರನ್ನು ಒಗ್ಗೂಡಿಸಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿದವರು. ಅಲ್ಲಿಯವರೆಗೆ ಮೊಟ್ಟೆಯ ಬೆಲೆ ವರ್ತಕ ಹೇಳಿದಷ್ಟು. ಬೆಲೆಯನ್ನು ಸಾಕುವವನೇ ಹೇಳಬೇಕು ಎಂಬುದು ಆ ಸಮಿತಿಯ ಹುಟ್ಟಿನ ಕಾರಣ. ನಮ್ಮ ದಿನಪತ್ರಿಕೆಗಳಲ್ಲಿ ಮೈಸೂರು, ಹೊಸಪೇಟೆ, ಬೆಂಗಳೂರಿನ ಮೊಟ್ಟೆ ದರದ ಜೊತೆ ಎನ್‌ಇಸಿಸಿ ಎಂದು ಕಾಣುವುದು ಅದೇ. ಚದುರಿಹೋದ ಸಣ್ಣವರು ಒಟ್ಟಾಗದೆ ದೊಡ್ಡವರ ಎದುರು ಮಾತಿಗೆ ಬೆಲೆಯಿಲ್ಲ ಎಂದು ಇಡೀ ದೇಶಕ್ಕೆ ತೋರಿಸಿಕೊಟ್ಟ ಮನೆತನ ಅದು. ಸಾವಿರ ಸಾವಿರ ಸಂಖ್ಯೆಯಲ್ಲಿ ಚದುರಿ ಕುಳಿತ ಟಿಕೆಟ್‌ದಾರರ ಮಾತು ಮಾತ್ರ ಆ ಮನೆತನದ ಬಾಗಿಲಿಗೆ ಮುಟ್ಟಲಿಲ್ಲ.

ನ್ಯೂಕ್ಯಾಸಲ್ ಯುನೈಟೆಡ್‌ನ ಕತೆ ತೋರಿಸಿ ನನ್ನ ವಾದವನ್ನು ತಳ್ಳಿಹಾಕಬಹುದು. ಶಿಯರರ್ 1996ರಲ್ಲಿ ಬ್ಲ್ಯಾಕ್‌ಬರ್ನ್ ಬಿಟ್ಟು, 1.5 ಕೋಟಿ ಪೌಂಡಿನ ಅಂದಿನ ವಿಶ್ವದಾಖಲೆಯ ಬೆಲೆಗೆ ಹೋದದ್ದು ಅಲ್ಲಿಗೇ, ಅದು ಅವನ ಹುಟ್ಟೂರ ತಂಡ. ಅವನಿರುವಷ್ಟು ಕಾಲ ಒಂದು ದೊಡ್ಡ ಟ್ರೋಫಿಯೂ ಬರಲಿಲ್ಲ. ಮೈಕ್ ಆ್ಯಶ್ಲಿಯ ಹದಿನಾಲ್ಕು ವರ್ಷಗಳ ಒಡೆತನದಲ್ಲಿ ಎರಡು ಸಲ ದರ್ಜೆ ಕಳೆದುಕೊಂಡು ಜಿಗುಪ್ಸೆಗೊಂಡಿದ್ದ ಅಭಿಮಾನಿಗಳು, 2021ರ ಅಕ್ಟೋಬರ್ 7ರಂದು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ ಶೇ 80ರಷ್ಟು ಪಾಲು ಕೊಂಡಾಗ ಕ್ರೀಡಾಂಗಣದ ಹೊರಗೆ ಕುಣಿದರು. 2025ರ ಮಾರ್ಚ್ 16ರಂದು ಲೀಗ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲನ್ನು 2–1ರಿಂದ ಸೋಲಿಸಿದಾಗ, 1955ರ ನಂತರ ಮೊದಲ ಬಾರಿಗೆ ದೇಶದೊಳಗಿನ ದೊಡ್ಡ ಟ್ರೋಫಿಯೊಂದು ಆ ಊರಿಗೆ ಬಂತು. ನಿರೀಕ್ಷೆ ಅಕ್ಷರಶಃ ಈಡೇರಿತು. ಆ ಸಂಜೆಯ ಕಣ್ಣೀರನ್ನು ಸಂಶಯಿಸುವ ಅಧಿಕಾರ ಹೊರಗಿನವರಿಗಿಲ್ಲ.

ಆದರೂ 2022ರ ಮಾರ್ಚ್ ತಿಂಗಳ ಒಂದು ವಾರಾಂತ್ಯವನ್ನು ಬಿಟ್ಟು ಆ ಕತೆ ಹೇಳಲಾಗದು. ಮಾರ್ಚ್ 12ರಂದು ಸೌದಿ ಅರೇಬಿಯಾ ಒಂದೇ ದಿನ 81 ಜನರಿಗೆ ಮರಣದಂಡನೆ ಜಾರಿಗೊಳಿಸಿತು. ಮರುದಿನ ನ್ಯೂಕ್ಯಾಸಲ್‌ನ ಎದುರಾಳಿ, ಉಕ್ರೇನ್ ಯುದ್ಧದ ಕಾರಣಕ್ಕೆ ಮೂರು ದಿನದ ಹಿಂದಷ್ಟೇ ಬ್ರಿಟಿಷ್ ನಿರ್ಬಂಧಕ್ಕೆ ಒಳಗಾಗಿದ್ದ ರೋಮನ್ ಅಬ್ರಮೋವಿಚ್‌ನ ಚೆಲ್ಸಿ. ಪಂದ್ಯದ ನಂತರ ಆ 81 ಮಂದಿಯ ಬಗ್ಗೆ ಕೇಳಿದರೆ ಮ್ಯಾನೇಜರ್ ಎಡಿ ಹೌ ಫುಟ್‌ಬಾಲಿನ ಪ್ರಶ್ನೆಗಳಿಗಷ್ಟೇ ಉತ್ತರಿಸುವುದಾಗಿ ಹೇಳಿದ. ಒಡೆಯ ಕೊಡಬೇಕಾದ ಉತ್ತರ ಸಂಬಳದಾಳಿನ ಕೊರಳಿಗೆ ಬಿತ್ತು. ಅವನನ್ನು ದಾಟಿ ಅಭಿಮಾನಿಯ ಕೊರಳಿಗೂ ಬಿತ್ತು. ಕಚೇರಿಯಲ್ಲಿ, ಪಬ್ಬಿನಲ್ಲಿ, ಬೇರೆ ತಂಡದವರ ಮುಂದೆ ಅವನು ತನ್ನದಲ್ಲದ ಸರ್ಕಾರವೊಂದರ ವಕೀಲನಾಗಬೇಕಾಯಿತು. ಬ್ಲ್ಯಾಕ್‌ಬರ್ನಿನಲ್ಲಿ ಉತ್ತರ ಕೊಡದ ಒಡೆಯ ಸೋಲು ತಂದ, ನ್ಯೂಕ್ಯಾಸಲ್‌ನಲ್ಲಿ ಗೆಲುವು ತಂದ. ಅಭಿಮಾನಿ ಇದ್ದ ಜಾಗ ಎರಡು ಕಡೆಯೂ ಅದೇ.

ಬೇರೆ ಬಗೆಯ ನಿರೀಕ್ಷೆ ಸಾಧ್ಯವೇ? ಪೋರ್ಟ್ಸ್‌ಮತ್‌ನವರನ್ನು ನೋಡಬೇಕು. ಒಬ್ಬರ ಮೇಲೊಬ್ಬರಂತೆ ಬಂದ ಒಡೆಯರಿಂದ ದಿವಾಳಿಯಂಚಿಗೆ ತಲುಪಿದ್ದ ಕ್ಲಬ್ಬನ್ನು 2013ರಲ್ಲಿ ಅಭಿಮಾನಿಗಳ ಟ್ರಸ್ಟೇ ಕೊಂಡಿತು. 2017ರಲ್ಲಿ ಡಿಸ್ನಿಯ ಹಳೆಯ ಮುಖ್ಯಸ್ಥ ಮೈಕೆಲ್ ಐಸ್ನರ್ ಕೊಳ್ಳಲು ಬಂದಾಗ, ಊರಿಗೇ ಬಂದು ಷೇರುದಾರ ಅಭಿಮಾನಿಗಳ ಮುಂದೆ ತನ್ನ ಯೋಜನೆ ವಿವರಿಸಬೇಕಾಯಿತು, ಅವರು ಮತ ಹಾಕಿ ಒಪ್ಪಿದರು. ಅವರ ನಿರೀಕ್ಷೆಯೂ ಹಣದ್ದೇ. ಆದರೆ ಅದು ಪ್ರಶ್ನೆ ಕೇಳಿದ ಮೇಲಿನ ನಿರೀಕ್ಷೆ. ಐಸ್ನರ್ ಮಿಂಚಿನ ವೇಗದಲ್ಲೇನೂ ತಂಡವನ್ನು ಮೇಲೆತ್ತಲಿಲ್ಲ. 2024ರವರೆಗೆ ಅದು ಮೂರನೇ ದರ್ಜೆಯಲ್ಲೇ ಇತ್ತು. ಹೀಗಾಗಿ ಅದನ್ನು ಯಾರೂ ದೊಡ್ಡ ಯಶೋಗಾಥೆ ಎಂದು ಹಾಡುವುದಿಲ್ಲ. ಕಾರ್ಡಿಫ್‌ನಲ್ಲಿ ಒಡೆಯ ವಿನ್ಸೆಂಟ್ ಟಾನ್ 2012ರಲ್ಲಿ ನೀಲಿ ಅಂಗಿಯನ್ನು ಕೆಂಪಾಗಿಸಿದಾಗ, ಹೂಡಿಕೆಯ ಆಸೆಗೆ ಅನೇಕರು ನುಂಗಿಕೊಂಡದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ನೀಲಿ ಮರಳಿದ್ದು 2015ರಲ್ಲಿ.

ಬ್ರಿಟನ್ನಿನ ಸಂಸತ್ತು 2025ರಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆಯನ್ನು ಅಂಗೀಕರಿಸಿತು. ಸ್ವತಂತ್ರ ನಿಯಂತ್ರಕ ಸಂಸ್ಥೆ ಬಂದಿದೆ. ಕೊಳ್ಳಲು ಬರುವವನ ಹಣದ ಮೂಲವನ್ನು ಅದು ಪರಿಶೀಲಿಸಬೇಕು, ಕ್ರೀಡಾಂಗಣ ಮಾರಲು ಅದರ ಒಪ್ಪಿಗೆ ಬೇಕು, ಲಾಂಛನ ಮತ್ತು ಅಂಗಿಯ ಬಣ್ಣ ಬದಲಿಸಲು ಅಭಿಮಾನಿಗಳ ಬಹುಮತ ಬೇಕು. ಒಳ್ಳೆಯ ಕಾನೂನು, ಬಹಳ ತಡವಾಗಿ ಬಂದದ್ದು. ಟಾನ್‌ನ ಕೆಂಪು ಅಂಗಿಯನ್ನು ಅದು ತಡೆಯಬಹುದಿತ್ತು. ಪುಣೆಯ ಹಣವನ್ನು ತಡೆಯಲು ಅದಕ್ಕೆ 2010ರಲ್ಲಿ ಕಾರಣವೇ ಸಿಗುತ್ತಿರಲಿಲ್ಲ: ಹಣವಿತ್ತು, ಉದ್ಯಮವಿತ್ತು, ಹೆಸರಿತ್ತು. ಖರೀದಿಗೆ ಮುದ್ರೆ ಬಿದ್ದ ಮೇಲೆ ಆ್ಯಲರ್ಡೈಸ್ ಆ ಡಿಸೆಂಬರಿನ ಸೋಮವಾರ ಹಾಗೆಯೇ ಕೆಲಸ ಕಳೆದುಕೊಳ್ಳುತ್ತಿದ್ದ, ಏಕೆಂದರೆ ಮ್ಯಾನೇಜರನ ನೇಮಕ, ವಜಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಇವುಡ್ ಪಾರ್ಕಿನಲ್ಲಿ ಈಗ ವೆಂಕೀಸ್ ಮಾರಿ ಹೋಗಲಿ ಎಂಬ ಕೂಗಿದೆ. ಯಾರಿಗೆ ಮಾರಬೇಕು, ಯಾವ ಷರತ್ತಿನ ಮೇಲೆ ಎಂಬ ಮಾತು ಆ ಕೂಗಿನಲ್ಲಿ ಇನ್ನೂ ಸೇರಿಲ್ಲ.