ಕಾವೇರಿ ಮತ್ತು ‘ಕರೆಂಟು’

ಭಟ್ಕಳ, ಹೊನ್ನಾವರ, ಕುಮಟಾ ಕಡೆ ‘ತಲೆಗೆ ಕರೆಂಟು ಕೊಡ್ತಾರಂತೆ’ ಎಂಬ ಮಾತು ಸಣ್ಣ ದನಿಯಲ್ಲೇ ಬರುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ‘ಶರಪಂಜರ’ ನೆನಪಾಗುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು; ಕಲ್ಪನಾ ಕಾವೇರಿಯಾದರು. ಮನೋರೋಗಿಯ ಬಗ್ಗೆ ಕನ್ನಡಿಗರು ಮರುಕಪಡುವಂತೆ ಮಾಡಿದ ಸಿನಿಮಾ ಅದು. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮರಳುತ್ತಾಳೆ. ಅವಳನ್ನು ಮತ್ತೆ ಕೆಡಿಸುವುದು ಮನೆಯವರ, ನೆರೆಯವರ ನೋಟ.

ನನ್ನ ತಕರಾರು ಕೊನೆಯ ಬಗ್ಗೆ. ಅವಳು ಮತ್ತೆ ಆಸ್ಪತ್ರೆಗೆ ಹೋಗುತ್ತಾಳೆ. ತಪ್ಪು ಮನೆಯದೆಂದು ಅಷ್ಟು ಹೊತ್ತು ತೋರಿಸಿದ ಮೇಲೂ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಆಸ್ಪತ್ರೆಯ ಬಾಗಿಲು. ಅದರಾಚೆ ಏನು ನಡೆಯುತ್ತದೆ ಎಂಬುದನ್ನು ಬೇರೆ ಸಿನಿಮಾಗಳು ತುಂಬಿದವು: ಕಟ್ಟಿದ ಕೈಕಾಲು, ತಲೆಗೆ ತಂತಿ, ಅರಚಾಟ.

ಆ ಚಿತ್ರ ಪೂರಾ ಸುಳ್ಳಲ್ಲ. 1938ರಲ್ಲಿ ರೋಮ್‌ನಲ್ಲಿ ಈ ಚಿಕಿತ್ಸೆ ಶುರುವಾದಾಗ ಅರಿವಳಿಕೆ ಇರಲಿಲ್ಲ. ಸೆಳವಿನ ರಭಸಕ್ಕೆ ಮೂಳೆ ಮುರಿದದ್ದೂ ಉಂಟು. ಈಗ ಅರಿವಳಿಕೆಯಾಗಲಿ ಸ್ನಾಯು ಸಡಿಲಿಸುವ ಔಷಧವಾಗಲಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಕರೆಂಟು ಹರಿಯುವುದು ಕೆಲವೇ ಸೆಕೆಂಡು. ಅನ್ನ-ನೀರು ಬಿಟ್ಟವರಿಗೆ, ಸಾಯುವ ಯೋಚನೆಯಿಂದ ಹೊರಬರಲಾಗದವರಿಗೆ, ಬಾಣಂತಿಯರ ತೀವ್ರ ಮನೋರೋಗಕ್ಕೆ ಇದು ಮಾತ್ರೆಗಿಂತ ಬೇಗ ಫಲ ಕೊಡಬಲ್ಲದು. ನೆನಪು ಮಸುಕಾಗುವುದೂ ನಿಜ. ಹೆಚ್ಚಿನವರಿಗೆ ಅದು ಬರಬರುತ್ತ ತಿಳಿಯಾಗುತ್ತದೆ. ಕೆಲವರಿಗೆ ಚಿಕಿತ್ಸೆಯ ಆಸುಪಾಸಿನ ದಿನಗಳು ಮರಳುವುದೇ ಇಲ್ಲ. ಬದುಕಿ ಉಳಿಯುವುದಕ್ಕೆ ಕೆಲವು ದಿನಗಳನ್ನು ತೆರಬೇಕಾದ ಈ ಸಂಕಟವನ್ನು ನಮ್ಮ ಕಥೆಗಾರರು ಮುಟ್ಟಿದ್ದನ್ನು ನಾನು ಓದಿಲ್ಲ.

ನಮ್ಮ ಕಡೆಯವರಿಗೆ ದಾರಿಯೂ ಒಂದು ಸಂಕಟ. ವಾರಕ್ಕೆ ಎರಡು-ಮೂರು ಸಲದಂತೆ ಸಾಮಾನ್ಯವಾಗಿ 6ರಿಂದ 12 ಸಲ ಕೊಡಬೇಕು. ಪ್ರತಿ ಸಲವೂ ಖಾಲಿ ಹೊಟ್ಟೆ, ಜೊತೆಗೊಬ್ಬರು. ಭಟ್ಕಳದಿಂದಾದರೆ ಹೆದ್ದಾರಿ ಹಿಡಿದು ಮಣಿಪಾಲ, ಮಂಗಳೂರು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ, ಹುಬ್ಬಳ್ಳಿ ದಾಟಿ ಧಾರವಾಡದ ಡಿಮ್ಹಾನ್ಸ್. ದಾಖಲಾಗಿ ಉಳಿದರೆ ಜೊತೆಗಿದ್ದವರ ದುಡಿಮೆ ನಿಂತಿತು. ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗಿನಲ್ಲಿ ಅಪಘಾತ, ಹೃದಯದ ಮಾತು ಬರುತ್ತದೆ. ಮನಸ್ಸಿನದು ನನ್ನ ಕಿವಿಗೆ ಬಿದ್ದದ್ದು ಕಡಿಮೆ. ಮನೆಯವರು ಹೆದರಿ ಮುಂದೂಡುವ ಒಂದೊಂದು ವಾರದಲ್ಲೂ ಒಂದು ಜೀವ ಹೋಗಬಹುದು.

ಆದ್ದರಿಂದ ಕಾವೇರಿಯ ಕಥೆಯನ್ನು ಯಾರಾದರೂ ಮುಂದಕ್ಕೆ ಬರೆಯಬೇಕು. ಚಿಕಿತ್ಸೆ ಮುಗಿಸಿ ಬಂದವಳು ಮರೆತದ್ದನ್ನೇ ಮತ್ತೆ ಕೇಳಿದರೆ ರೇಗದೆ ಹೇಳುವ ಅತ್ತೆ ಅದರಲ್ಲಿರಲಿ. ಕೈಜಾರಿ ಪಾತ್ರೆ ಬಿದ್ದಾಗ ‘ಮತ್ತೆ ಶುರುವಾಯ್ತು’ ಎನ್ನದ ಗಂಡನೂ ಇರಲಿ.